ಕ್ಲೋವರ್ ಹಿಲ್ ಅಂಗಡಿಯ ಎರಡು ಬಾಗಿಲು

ಟ್ಯಾರೋ ಸ್ಪ್ರಿಂಗ್ಸ್, ಮಿಸೌರಿ
ಮಾರ್ಚ್ 12, 1951

ಪ್ರೀತಿಯ ಆಡಲೀನ್ ಅಕ್ಕನಿಗೆ,

ನೀನು ಈ ಕಾಗದವನ್ನು ಓದದೆ ಒಲೆಗೆ ಹಾಕಲಾರೆ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಎರಡು ವರ್ಷದ ಹಿಂದೆ ಹಾರ್ಲನ್ ಭಾವನ ಜೊತೆ ರೈಲು ಹತ್ತುವಾಗ ನೀನು ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ. "ಗಿರಾಕಿ ತನ್ನ ಸಕ್ಕರೆ ತಾನೇ ಎತ್ಕೊಳ್ಳೋ ಅಂಗಡಿಗೆ ಅಪ್ಪನ ಹೆಸರು ಹಾಕ್ಬೇಡ" ಅಂದೆ. ಹಾಕಿದ್ದೇನೆ ಅಕ್ಕ. ಮೂರಡಿ ಎತ್ತರದ ಕೆಂಪು ಅಕ್ಷರಗಳಲ್ಲಿ 'ಪ್ರೂಯಿಟ್ ದಿನಸಿ' ಅಂತ. ಶನಿವಾರ ಬಾಗಿಲು ತೆರೆದೆವು.

ಬೈದರೆ ಆಮೇಲೆ ಬೈ, ಮೊದಲು ಕೇಳು. ಕ್ಲೋವರ್ ಹಿಲ್ ಶಾಪಿಂಗ್ ಸೆಂಟರ್ ಅಂದರೆ ಹಸು ಮೇಯುತ್ತಿದ್ದ ಆ ಇಳಿಜಾರು, ನಿನಗೆ ಗೊತ್ತಿರುವುದೇ. ಈಗ ಅಲ್ಲಿ ಹದಿಮೂರು ಅಂಗಡಿಗಳು ಒಂದೇ ಸಾಲಿನಲ್ಲಿ, ಒಂದೇ ಕೆಂಪು ಹೆಂಚಿನ ಮಾಡಿನ ಕೆಳಗೆ ನಿಂತಿವೆ. ಔಷಧಿ ಅಂಗಡಿ, ಷೂ ಅಂಗಡಿ, ಹೂವಿನವನು, ಹೆಂಗಸರು ಕೂದಲು ಸುರುಳಿ ಮಾಡಿಸಿಕೊಳ್ಳುವ ಅಂಗಡಿ. ತುದಿಯಲ್ಲಿ ಎಲ್ಲಕ್ಕಿಂತ ದೊಡ್ಡದು ನಮ್ಮದು. ಸೆಂಟರಿನ ಮ್ಯಾನೇಜರ್ ಗೇಜ್ ನನ್ನ ಬೆನ್ನು ತಟ್ಟಿ ಹೇಳಿದ: "ಷೂ ವರ್ಷಕ್ಕೊಂದ್ಸಲ, ಮೊಟ್ಟೆ ವಾರಕ್ಕೊಂದ್ಸಲ. ನೀವು ಜನಾನ ಕರ್ಕೊಂಡು ಬಂದ್ರೆ ಮಿಕ್ಕ ಹನ್ನೆರಡು ಅಂಗಡಿ ಬದುಕುತ್ತೆ, ಪ್ರೂಯಿಟ್."

ಹಿಂದುಗಡೆ ಮುನ್ನೂರು ಕಾರು ನಿಲ್ಲಿಸುವ ಜಾಗ. ಬಾಗಿಲು ಮುಂದುಗಡೆ, ರಸ್ತೆಗೆ ಮುಖ ಮಾಡಿ, ಅದರ ಆಚೀಚೆ ನೆಲದಿಂದ ಮಾಡಿನವರೆಗೂ ಗಾಜು. ಗಾಜಿನ ಹಿಂದೆ ಕಿತ್ತಳೆ ಹಣ್ಣಿನ ಗೋಪುರವನ್ನು ನಾನೇ ಕೂತು ಜೋಡಿಸಿದೆ. ನಾಲ್ಕು ಗಂಟೆ ಹಿಡಿಯಿತು. ಮಾರ್ಚಿ ತಿಂಗಳಲ್ಲಿ ಹೆಪ್ಪುಗಟ್ಟಿದ ಹಸಿ ಬಟಾಣಿ ಸಿಗುವ ತಣ್ಣನೆಯ ಪೆಟ್ಟಿಗೆಗಳಿವೆ. ಮಾಂಸವನ್ನು ತೂಗಿ, ಗಾಜಿನಂಥ ಕಾಗದದಲ್ಲಿ ಸುತ್ತಿ, ಬೆಲೆ ಬರೆದು ಇಟ್ಟಿರುತ್ತೇವೆ. ಕಟುಕನನ್ನು ಯಾರೂ ಬೇಡಬೇಕಾಗಿಲ್ಲ.

ತಂತಿ ಬುಟ್ಟಿಯ ಗಾಡಿಗಳನ್ನು ಕಂಡು ಮೊದಲ ದಿನ ಹೆಂಗಸರು ಹಿಂದೆ ಸರಿದರು. ಬ್ಯಾಂಕಿನವರ ಹೆಂಡತಿ ಹೇಬರ್‌ಕಾರ್ನ್ ಅಂತೂ "ನಾಲ್ಕು ಮಕ್ಕಳನ್ನ ಗಾಡೀಲಿ ತಳ್ಳಿ ತಳ್ಳಿ ಈಗ ತಾನೆ ಮುಗಿಸಿದ್ದೀನಿ ವರ್ಜಿಲ್, ಇನ್ನು ಬೀನ್ಸ್ ಡಬ್ಬಿನೂ ತಳ್ಳಿ ಅಂತೀಯಾ" ಅಂದರು. ಅರ್ಧ ಗಂಟೆ ಬಿಟ್ಟು ನೋಡಿದರೆ ಅವರ ಗಾಡಿಯೇ ಎಲ್ಲರದಕ್ಕಿಂತ ತುಂಬಿತ್ತು.

ಬೆಳಗ್ಗೆ ದೀಪ ಹಾಕಿದಾಗ ಆ ಸಾಲುಗಳನ್ನು ನೋಡುತ್ತಾ ಒಂದು ನಿಮಿಷ ಸುಮ್ಮನೆ ನಿಲ್ಲುತ್ತೇನೆ. ಇಂಥ ಚೆಂದದ ಅಂಗಡಿ ನಾನು ಕಂಡಿಲ್ಲ. ನೀನು ಒಮ್ಮೆ ಬಂದು ನೋಡಬೇಕು.

ನಿನ್ನ ತಮ್ಮ,
ವರ್ಜಿಲ್


ಫ್ರೆಸ್ನೋ, ಕ್ಯಾಲಿಫೋರ್ನಿಯಾ
ಮಾರ್ಚ್ 29, 1951

ವರ್ಜಿಲ್‌ಗೆ,

ಕಾಗದ ಓದಿದೆ. ಇಲ್ಲಿ ನಮ್ಮದು ಗ್ಯಾಸಿನ ಒಲೆ, ಕಾಗದ ಸುಡಲು ಅನುಕೂಲವಿಲ್ಲ.

ಕಟುಕನನ್ನು ಯಾರೂ ಬೇಡಬೇಕಾಗಿಲ್ಲವಂತೆ. ನಮ್ಮ ಹಳೆಯ ಅಂಗಡಿಯಲ್ಲಿ ಯಾರು ಯಾರನ್ನು ಬೇಡುತ್ತಿದ್ದರು? ಗಿರಾಕಿ ಕೌಂಟರಿನ ಮುಂದೆ ನಿಂತು ಚೀಟಿ ಓದುತ್ತಿದ್ದಳು, ನಾನು ಒಂದೊಂದೇ ತಂದು ಇಡುತ್ತಿದ್ದೆ. ಮೇಲಿನ ಅಟ್ಟದ ಡಬ್ಬಿ ಇಳಿಸಲು ಉದ್ದ ಕೋಲು ಹಿಡಿದು ಮೂವತ್ತು ವರ್ಷ ನಿಂತೆ. ಯಾರ ಮನೆಯಲ್ಲಿ ಯಾರಿಗೆ ಹೊಟ್ಟೆ ಸರಿಯಿಲ್ಲ, ಯಾರ ಗಂಡನಿಗೆ ಯಾವ ಚೀಸ್ ಇಷ್ಟ, ಎಲ್ಲ ನನಗೆ ಗೊತ್ತಿತ್ತು. ನಿನ್ನ ತಂತಿ ಗಾಡಿಗೆ ಗೊತ್ತಿದೆಯೇ?

ನಾನು ಇಲ್ಲಿ ಎರಡು ಬೀದಿ ಆಚೆ ಸಿಲ್ವೇರಾ ಎಂಬ ಪೋರ್ಚುಗೀಸ್ ಮುದುಕನ ಹತ್ತಿರ ಸಾಮಾನು ತರುತ್ತೇನೆ. ಅಪ್ಪಟ ಕೌಂಟರಿನ ಅಂಗಡಿ. ಆತ ಟೋಪಿ ಎತ್ತಿ ಮಾತಾಡಿಸುತ್ತಾನೆ.

ಒಂದು ಪ್ರಶ್ನೆ. ಕಾರುಗಳು ಹಿಂದುಗಡೆ ನಿಲ್ಲುತ್ತವೆ, ಬಾಗಿಲು ಮುಂದುಗಡೆ ಇದೆ ಎಂದು ಬರೆದಿದ್ದೀಯ. ಎರಡು ಕೈಯಲ್ಲೂ ಚೀಲ ಹಿಡಿದ ಹೆಂಗಸು ಆ ಸಾಲನ್ನೆಲ್ಲ ಬಳಸಿಕೊಂಡು ಎಷ್ಟು ದೂರ ನಡೆಯಬೇಕು? ಸುಮ್ಮನೆ ಕೇಳಿದೆ.

ಹಾರ್ಲನ್ನನ ಕೆಮ್ಮು ಈ ಒಣ ಹವೆಯಲ್ಲಿ ಎಷ್ಟೋ ಕಡಿಮೆಯಾಗಿದೆ. ನನ್ನ ಮೊಣಕಾಲು ಹಾಗೇ ಇದೆ. ನಾನು ಬರುವುದಿಲ್ಲ.

ಆಡಲೀನ್


ಟ್ಯಾರೋ ಸ್ಪ್ರಿಂಗ್ಸ್
ಮೇ 21, 1951

ಪ್ರೀತಿಯ ಅಕ್ಕ,

ಬರೆಯಲು ತಡವಾಯಿತು. ಕೆಲಸ ಜಾಸ್ತಿ. ಎಲ್ಲ ಚೆನ್ನಾಗಿದೆ.

ನೀನು ಕೇಳಿದ್ದಕ್ಕೆ ಉತ್ತರ: ನೂರ ಹತ್ತು ಹೆಜ್ಜೆ. ನಾನೇ ನಡೆದು ಎಣಿಸಿದೆ. ಸೆಂಟರಿನ ನಕ್ಷೆ ಮಾಡಿದವನು ತುಂಬ ಓದಿದವನು. "ಅಂಗಡಿ ಅಂದ್ರೆ ಬೀದಿಗೆ ಮುಖ ಇರ್ಬೇಕು ಸಾರ್, ಇಲ್ದಿದ್ರೆ ಅದು ಗೋದಾಮು" ಅನ್ನುತ್ತಾನೆ. ಸರಿಯೇ. ಆದರೆ ಬೀದಿಯಲ್ಲಿ ಕಾರುಗಳು ಓಡುತ್ತವೆಯೇ ಹೊರತು ನಿಲ್ಲುವುದಿಲ್ಲ. ನನ್ನ ಕಿತ್ತಳೆ ಗೋಪುರವನ್ನು ಜನ ಗಂಟೆಗೆ ನಲವತ್ತು ಮೈಲಿ ವೇಗದಲ್ಲಿ ನೋಡಿಕೊಂಡು ಹೋಗುತ್ತಾರೆ.

ಇದರಿಂದ ಒಂದು ಪೇಚಾಯಿತು. ಎರಡನೆಯ ವಾರದಿಂದಲೇ ಹೆಂಗಸರು ಕಾರು ನಿಲ್ಲಿಸಿದ ಕಡೆಯಿಂದ ನೇರವಾಗಿ ಸರಕಿನ ಬಾಗಿಲಿಗೆ ನುಗ್ಗತೊಡಗಿದರು. ಅಂದರೆ ಲಾರಿಯಿಂದ ಆಲೂಗಡ್ಡೆ ಇಳಿಸುವ ಬಾಗಿಲು. ಮೂಟೆಗಳ ಮಧ್ಯೆ, ಹಾಲಿನ ಕ್ಯಾನುಗಳ ಮಧ್ಯೆ, ಎತ್ತರದ ಹಿಮ್ಮಡಿಯ ಷೂ ಹಾಕಿಕೊಂಡು, "ಕ್ಷಮಿಸಿ, ಕ್ಷಮಿಸಿ" ಎನ್ನುತ್ತಾ ಒಳಗೆ ಬರುವುದು. ನಾನು ಕಂಡೂ ಕಾಣದ ಹಾಗಿದ್ದೆ. ಒಂದು ದಿನ ಹೇಬರ್‌ಕಾರ್ನ್ ಅವರು ಎಲ್ಲರ ಎದುರಿಗೆ, "ಏನ್ ವರ್ಜಿಲ್, ಹಳೇ ಅಂಗಡಿಗೆ ಆ ಟೀಚರ್ ಓಡೆಸ್ಸಾ ಬರ್ತಿದ್ದ ಥರ ಈಗ ನಾವೆಲ್ಲ ಹಿಂದಿನ ಬಾಗಿಲಲ್ಲಿ ಬರಬೇಕಾ" ಅಂದುಬಿಟ್ಟರು. ಸುತ್ತ ಇದ್ದವರು ನಕ್ಕರು. ನನಗೆ ಮುಖ ಎತ್ತಲಾಗಲಿಲ್ಲ. ಅವತ್ತೇ ಆ ಬಾಗಿಲಿಗೆ 'ಸರಕಿಗೆ ಮಾತ್ರ' ಎಂದು ಬೋರ್ಡು ಹಾಕಿ ಒಳಗಿನಿಂದ ಚಿಲಕ ಹಾಕಿಸಿದೆ.

ನಾನೇನು ತಪ್ಪು ಮಾಡಿದೆ ಹೇಳು. ನಮ್ಮ ಊರಲ್ಲಿ ಹಿಂದಿನ ಬಾಗಿಲು ಅಂದರೆ ಏನು ಎಂದು ನಿನಗೆ ಗೊತ್ತು. ಅಪ್ಪನ ಕಾಲದಿಂದ ಕರಿಯರು ಅದರಿಂದಲೇ ಬಂದು, ಕೌಂಟರಿನ ಆ ತುದಿಯಲ್ಲಿ ನಿಂತು, ಬಿಳಿಯರ ಚೀಟಿಗಳೆಲ್ಲ ಮುಗಿದ ಮೇಲೆ ತಮ್ಮ ಚೀಟಿ ಓದುತ್ತಿದ್ದರು. ಬರೆದ ನಿಯಮವೇನಲ್ಲ, ಊರಿನ ಎಲ್ಲ ಅಂಗಡಿಯಲ್ಲೂ ಹಾಗೇ ಇತ್ತು. ಈಗ ಬ್ಯಾಂಕಿನವರ ಹೆಂಡತಿಯನ್ನು ಅಲ್ಲಿಂದ ಬನ್ನಿ ಎನ್ನಲೇ?

ಇನ್ನೊಂದು ಸೋಜಿಗ. ಆ ಓಡೆಸ್ಸಾ ಬ್ಲೆಡ್ಸೋ, ಕರಿಯ ಮಕ್ಕಳ ಶಾಲೆಯ ಟೀಚರ್, ನಮ್ಮಲ್ಲಿಗೆ ಪ್ರತಿ ಶುಕ್ರವಾರ ನಾಲ್ಕು ಗಂಟೆಗೆ ಬರುತ್ತಾಳೆ. ಗಂಡನ ಹಳೆಯ ಕಾರನ್ನು ಸರಕಿನ ಬಾಗಿಲಿನ ಎದುರಿಗೇ ನಿಲ್ಲಿಸುತ್ತಾಳೆ. ಬಾಗಿಲು ತೆರೆದಿದ್ದ ದಿನಗಳಲ್ಲೂ ಒಮ್ಮೆಯೂ ಅದರಲ್ಲಿ ಬರಲಿಲ್ಲ. ಟೋಪಿ, ಗ್ಲೌಸು ಹಾಕಿಕೊಂಡು ನೂರ ಹತ್ತು ಹೆಜ್ಜೆ ಸುತ್ತಿ ಮುಂದಿನ ಬಾಗಿಲಲ್ಲೇ ಬರುತ್ತಾಳೆ. ಹೊಸ ಅಂಗಡಿಯಲ್ಲಿ ಕೌಂಟರೇ ಇಲ್ಲ, ಕಾಯುವ ತುದಿ ಎಲ್ಲಿಂದ ಬರಬೇಕು? ಎಲ್ಲರ ಹಾಗೆ ಗಾಡಿ ತೆಗೆದುಕೊಳ್ಳುತ್ತಾಳೆ. ಮಳೆಯಲ್ಲೂ ಅಷ್ಟು ದೂರ ಯಾಕೆ ನಡೆಯುತ್ತಾಳೋ.

ಜನ ಸ್ವಲ್ಪ ಕಡಿಮೆ. ಬೇಸಿಗೆಯಲ್ಲವೇ. ಎಲ್ಲ ಚೆನ್ನಾಗಿದೆ.

ವರ್ಜಿಲ್


ಫ್ರೆಸ್ನೋ
ಜೂನ್ 8, 1951

ವರ್ಜಿಲ್‌ಗೆ,

ಎರಡು ಸಲ 'ಎಲ್ಲ ಚೆನ್ನಾಗಿದೆ' ಎಂದು ಬರೆದಿದ್ದೀಯ. ಚಿಕ್ಕವನಿದ್ದಾಗ ಜ್ವರ ಬಂದರೂ ಹೀಗೇ ಅನ್ನುತ್ತಿದ್ದೆ.

ಆ ಬೋರ್ಡು ಕಿತ್ತುಹಾಕು. ಆಲೂಗಡ್ಡೆಯನ್ನು ಬೇರೆ ಕಡೆ ಇಳಿಸು. ಆ ಗೋಡೆ ಒಡೆದು ಅಲ್ಲೇ ದೊಡ್ಡ ಬಾಗಿಲು ಮಾಡು. ಕಾರು ಎಲ್ಲಿ ನಿಲ್ಲುತ್ತದೋ ಅದೇ ಅಂಗಡಿಯ ಮುಖ, ನಕ್ಷೆ ಮಾಡಿದವನು ಏನೇ ಅನ್ನಲಿ.

ಬ್ರೆಡ್ಡು ಹಾಲು ಎರಡನ್ನೂ ಬಾಗಿಲ ಹತ್ತಿರ ಇಟ್ಟಿದ್ದರೆ ಅತ್ತ ಮೂಲೆಗೆ ಸಾಗಿಸು. ದಿನಾ ಬೇಕಾದ್ದಕ್ಕೆ ಜನ ಅಲ್ಲಿಯವರೆಗೂ ಹೋಗುತ್ತಾರೆ, ಹೋಗುವಾಗ ಮಿಕ್ಕಿದ್ದೆಲ್ಲ ಕಣ್ಣಿಗೆ ಬೀಳುತ್ತದೆ. ಮತ್ತೆ ನಿನ್ನ ಆ ಗೋಪುರದಿಂದ ನಾಲ್ಕು ಕಿತ್ತಳೆ ನೀನೇ ತೆಗೆದುಬಿಡು. ಅಷ್ಟು ಓರಣವಾಗಿದ್ದರೆ ಮುಟ್ಟಲು ಯಾರಿಗೂ ಕೈ ಬರುವುದಿಲ್ಲ. ಯಾರೋ ಆಗಲೇ ತೆಗೆದುಕೊಂಡಿದ್ದಾರೆ ಅನ್ನಿಸಬೇಕು.

ಓಡೆಸ್ಸಾ ಯಾಕೆ ಸುತ್ತಿ ಬರುತ್ತಾಳೆ ಎಂದು ಕೇಳಿದ್ದೀಯ. ಕೂತು ಯೋಚಿಸು.

ಆಡಲೀನ್


ಟ್ಯಾರೋ ಸ್ಪ್ರಿಂಗ್ಸ್
ಜೂನ್ 25, 1951

ಅಕ್ಕ,

ಇಷ್ಟೆಲ್ಲ ನಿನಗೆ ಹೇಗೆ ಗೊತ್ತು? ಟೋಪಿ ಎತ್ತುವ ಸಿಲ್ವೇರಾ ಹೇಳಿಕೊಟ್ಟನೇ? ಕೌಂಟರು ಬಿಟ್ಟು ಬೇರೆ ಅಂಗಡಿಗೆ ಕಾಲಿಡದವಳು ನನಗೆ ಬ್ರೆಡ್ಡು ಎಲ್ಲಿಡಬೇಕು ಎಂದು ಪಾಠ ಹೇಳುತ್ತೀಯ.

ಈ ಅಂಗಡಿ ಬೇಡವೇ ಬೇಡ ಎಂದು ರೈಲು ಹತ್ತಿದವಳು ನೀನು. ಆಗ ಬಿಟ್ಟು ಹೋಗಿ ಈಗ ಎರಡು ಸಾವಿರ ಮೈಲಿ ದೂರದಿಂದ ಗೋಡೆ ಒಡೆ ಅಂದರೆ ನಾನು ಕುಣಿಯಬೇಕೇ? ಜನರಿಗೆ ಮರ್ಯಾದೆಯ ಬಾಗಿಲು ತೋರಿಸುವುದು ಅಪ್ಪ ಕಲಿಸಿದ ವ್ಯಾಪಾರ. ಕಸದ ಡಬ್ಬದ ಪಕ್ಕ ಅವರನ್ನು ಕರೆಯುವುದಿಲ್ಲ. ನೂರ ಹತ್ತು ಹೆಜ್ಜೆ ಯಾರನ್ನೂ ಸಾಯಿಸುವುದಿಲ್ಲ.

ಕಿತ್ತಳೆ ಮಾತ್ರ ನಾಲ್ಕು ತೆಗೆದು ನೋಡಿದೆ. ಮಧ್ಯಾಹ್ನದೊಳಗೆ ಗೋಪುರ ಅರ್ಧವಾಯಿತು. ಅದು ಬೇರೆ ಮಾತು.

ವರ್ಜಿಲ್


(ಕಾರ್ಡು)
ಟ್ಯಾರೋ ಸ್ಪ್ರಿಂಗ್ಸ್, ಜುಲೈ 30, 1951

ಅಕ್ಕ, ಕೋಪವೇ? ಐದು ವಾರವಾಯಿತು. ನಾನು ಒರಟಾಗಿ ಬರೆದೆ. ಭಾವನಿಗೆ ಹುಷಾರಿದೆ ತಾನೆ? ಇಲ್ಲಿ ಎಲ್ಲ ಎಂದಿನಂತೆ. ನಿನ್ನೆ ಗೇಜ್ ಇಬ್ಬರನ್ನು ಕರೆತಂದು ನಮ್ಮ ಗೋಡೆಗಳನ್ನೆಲ್ಲ ಟೇಪು ಹಿಡಿದು ಅಳೆಸಿದ. ಬಣ್ಣ ಹೊಡೆಸುತ್ತಾನೋ ಏನೋ. ಒಂದು ಸಾಲು ಬರಿ. ವರ್ಜಿಲ್.


ಫ್ರೆಸ್ನೋ
ಸೆಪ್ಟೆಂಬರ್ 3, 1951

ಪ್ರೀತಿಯ ವರ್ಜಿಲ್,

ಕೋಪವಲ್ಲ. ನಾಚಿಕೆ. ಅದಕ್ಕೇ ಇಷ್ಟು ದಿನ ಬೇಕಾಯಿತು.

ಸಿಲ್ವೇರಾ ಎಂಬ ಮುದುಕ ಇಲ್ಲ. ಇಲ್ಲಿ ನಮ್ಮ ಮನೆಯ ಹತ್ತಿರ ಇರುವುದು ನಿನ್ನದಕ್ಕಿಂತ ಎರಡರಷ್ಟು ದೊಡ್ಡ ಅಂಗಡಿ, ಗಾಡಿಗಳ ಅಂಗಡಿ. ಊರಿಗೆ ಬಂದ ಎರಡನೆಯ ವಾರ ಹಾರ್ಲನ್ನನ ಔಷಧಿಗೆ ಹೋದವಳು ಒಳಗೆ ಹೋದೆ. ಅವತ್ತಿನಿಂದ ದಿನಾ ಹೋಗುತ್ತೇನೆ. ಏನೂ ಬೇಡದಿದ್ದರೂ ಹೋಗುತ್ತೇನೆ. ಹಾರ್ಲನ್ "ಚರ್ಚಿಗೆ ಇಷ್ಟು ಶ್ರದ್ಧೆಯಿಂದ ಹೋಗಿದ್ರೆ ಪಾದ್ರಿ ಆಗ್ತಿದ್ದೆ ಕಣೆ" ಅನ್ನುತ್ತಾನೆ.

ಮೊದಲ ದಿನ ಒಂದು ಏಪ್ರಿಕಾಟ್ ಜಾಮಿನ ಬಾಟಲಿ ಎತ್ತಿಕೊಂಡೆ. ಬೆಲೆ ನೋಡಿದೆ. ತಿರುಗಿಸಿ ಓದಿದೆ. ಬೇಡವೆನಿಸಿ ಮತ್ತೆ ಇಟ್ಟೆ. ಯಾರೂ ನನ್ನ ಕಡೆ ನೋಡಲಿಲ್ಲ. ಇನ್ನೊಂದು ಬಾಟಲಿ ಎತ್ತಿ ಅದನ್ನೂ ಸುಮ್ಮನೆ ವಾಪಸ್ಸು ಇಟ್ಟೆ ಅಂದರೆ ನಂಬುತ್ತೀಯ? ಐವತ್ತೆಂಟು ವರ್ಷದವಳು ನಾನು, ದಿನಸಿ ಅಂಗಡಿಯಲ್ಲೇ ಹುಟ್ಟಿ ಬೆಳೆದವಳು. ಕೇಳದೆ, ಹೇಳದೆ, ಯಾರಿಗೂ ಕಾರಣ ಕೊಡದೆ ಒಂದು ವಸ್ತುವನ್ನು ಎತ್ತಿ ಮತ್ತೆ ಇಡಬಹುದು ಎಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಕೌಂಟರಿನಲ್ಲಿ ಯಾರಿಗೂ ಅದು ಸಾಧ್ಯವಿರಲಿಲ್ಲ.

ಆ ಜಾಮಿನ ಮುಂದೆ ನಿಂತಾಗಲೇ ಓಡೆಸ್ಸಾ ಬ್ಲೆಡ್ಸೋ ನೆನಪಾದಳು. ಹದಿಮೂರು ವರ್ಷದ ಹಿಂದಿನ ಮಾತು, ಈಸ್ಟರಿನ ಹಿಂದಿನ ದಿನ. ಅಂಗಡಿ ತುಂಬ ಜನ. ಅವಳು ಆ ತುದಿಯಲ್ಲಿ ಒಂದು ಗಂಟೆ ಕಾದಿದ್ದಳು. ಕೊನೆಗೆ ಅವಳ ಸರದಿ ಬಂದಾಗ ಅನಾನಸ್ ಡಬ್ಬಿ ಕೇಳಿದಳು. ನಾನು ಅಂಗಡಿಗೆಲ್ಲ ಕೇಳುವ ಹಾಗೆ, "ಅದು ನಿಂಗೆ ದುಬಾರಿ ಆಗುತ್ತೆ ಓಡೆಸ್ಸಾ, ಪೀಚ್ ತಗೊಂಡು ಹೋಗು" ಅಂದು ಪೀಚ್ ಡಬ್ಬಿ ಸುತ್ತಿಕೊಟ್ಟೆ. ಅವಳು ಅದನ್ನು ತೆಗೆದುಕೊಂಡು ಹೋದಳು. ನಾನು ಅವಳಿಗೆ ಉಪಕಾರ ಮಾಡಿದೆ ಅಂದುಕೊಂಡಿದ್ದೆ. ಮನೆಗೆ ಹೋಗಿ ಅಪ್ಪನಿಗೂ ಹೇಳಿದ್ದೆ. ಶಾಲೆಯ ಟೀಚರ್ ಅವಳು, ತನಗೆ ಯಾವುದು ದುಬಾರಿ ಎಂದು ಅವಳಿಗೆ ಗೊತ್ತಿರಲಿಲ್ಲವೇ?

ಯಾರ ಮನೆಯಲ್ಲಿ ಏನು ಎಂದು ನನಗೆ ಎಲ್ಲ ಗೊತ್ತಿತ್ತು ಎಂದು ಜಂಬ ಕೊಚ್ಚಿ ಬರೆದಿದ್ದೆನಲ್ಲ. ಅವರೆಲ್ಲ ನನಗೆ ಹೇಳಲೇಬೇಕಿತ್ತು, ಅದಕ್ಕೆ ಗೊತ್ತಿತ್ತು. ನಿನ್ನ ಹೊಸ ಅಂಗಡಿಯ ಸೊಗಸೆಲ್ಲ ಇರುವುದು ನನ್ನಂಥವಳು ಮಧ್ಯೆ ನಿಂತಿಲ್ಲ ಎನ್ನುವುದರಲ್ಲಿ. ಇದನ್ನು ಒಪ್ಪಿಕೊಳ್ಳಲು ನನಗೆ ಎರಡೂವರೆ ವರ್ಷ ಹಿಡಿಯಿತು.

ಅವಳು ಸುತ್ತಿಕೊಂಡು ಬರುವುದು ಯಾಕೆಂದು ಈಗಲೂ ನಿನಗೆ ಹೊಳೆದಿಲ್ಲವಾದರೆ ನೇರವಾಗಿ ಹೇಳುತ್ತೇನೆ. ಮೂವತ್ತು ವರ್ಷ ಅವಳಿಗೆ ಮುಂದಿನ ಬಾಗಿಲು ಸಿಕ್ಕಿರಲಿಲ್ಲ. ಈಗ ಸಿಕ್ಕಿದೆ. ನೀನಾಗಿದ್ದರೆ ಬಿಡುತ್ತಿದ್ದೆಯಾ?

ಕೊನೆಯದಾಗಿ, ಬಣ್ಣ ಹೊಡೆಯುವವರು ಟೇಪು ತರುವುದಿಲ್ಲ. ಅಳೆದವರು ಯಾರು? ಮುಚ್ಚಿಡಬೇಡ.

ನಿನ್ನ ಅಕ್ಕ


ಟ್ಯಾರೋ ಸ್ಪ್ರಿಂಗ್ಸ್
ಸೆಪ್ಟೆಂಬರ್ 17, 1951

ಪ್ರೀತಿಯ ಅಕ್ಕ,

ನಿನ್ನ ಕಾಗದವನ್ನು ಸರಕಿನ ಕೋಣೆಯಲ್ಲಿ ಮೂಟೆಯ ಮೇಲೆ ಕೂತು ಓದಿದೆ. ನಾನೂ ಹೇಳಿಬಿಡುತ್ತೇನೆ.

ಅಳೆದವರು ದೊಡ್ಡ ಕಂಪನಿಯವರು. ನಾಲ್ಕು ರಾಜ್ಯಗಳಲ್ಲಿ ಅವರ ಅಂಗಡಿಗಳಿವೆ. ನನ್ನ ಕರಾರು ಒಂದು ವರ್ಷದ್ದು, ಪರೀಕ್ಷೆಯ ವರ್ಷ. ಏಪ್ರಿಲ್‌ನಲ್ಲೇ ಗೇಜ್ ಎಚ್ಚರಿಸಿದ್ದ. "ಜನ ನಿಮ್ಮಿಂದ ಬರಬೇಕಾಗಿತ್ತು ಪ್ರೂಯಿಟ್, ಬರ್ತಾ ಇಲ್ಲ. ಷೂ ಅಂಗಡಿಯವನು ದಿನಾ ಬಂದು ನನ್ನ ತಲೆ ತಿಂತಾನೆ. ಕ್ರಿಸ್‌ಮಸ್ ತನಕ ನೋಡ್ತೀನಿ." ಆಮೇಲೆ ಈ ಜಾಗ ಅವರಿಗೆ. ಹಳೆಯ ಅಂಗಡಿಯ ಕಟ್ಟಡ ಬಿಟ್ಟುಕೊಟ್ಟಾಗಿದೆ. ಇದು ಹೋದರೆ ನಮ್ಮ ಹೆಸರಿನ ಅಂಗಡಿ ಅನ್ನುವುದೇ ಇರುವುದಿಲ್ಲ. ನಿನಗೆ ಹೇಳಿದರೆ 'ನಾನು ಹೇಳಿರಲಿಲ್ಲವೇ' ಅನ್ನುತ್ತೀಯ ಎಂದು ಹೇಳಲಿಲ್ಲ.

ಬೋರ್ಡು ಇವತ್ತು ಕಿತ್ತೆ. ಗೋಡೆ ಒಡೆಯಲು ಗೇಜ್ ಒಪ್ಪಿದ್ದಾನೆ. ಹೋಗುವವನ ಆಸೆ ಎಂದು ಒಪ್ಪಿದಂತಿದೆ.

ಆದರೆ ಈಗ ಹೊಸ ಸಂಕಟ. ಆ ಕಡೆಯನ್ನೇ ಮುಖ್ಯ ಬಾಗಿಲು ಮಾಡಿದರೆ ಓಡೆಸ್ಸಾ ಏನು ತಿಳಿದುಕೊಳ್ಳುತ್ತಾಳೆ? ನಿನ್ನ ಕಾಗದ ಓದಿದ ಮೇಲೆ ಅದೇ ತಲೆಯಲ್ಲಿದೆ. ಅವಳಿಗೆ ಏನಾದರೂ ಬೇರೆ ಏರ್ಪಾಡು ಮಾಡಲೇ?

ವರ್ಜಿಲ್


ಫ್ರೆಸ್ನೋ
ಸೆಪ್ಟೆಂಬರ್ 24, 1951

ಏರ್ಪಾಡು ಗೀರ್ಪಾಡು ಏನೂ ಬೇಡ. ಹೋಗಿ ಅವರನ್ನೇ ಕೇಳು. ನಾನು ಪೀಚ್ ಸುತ್ತಿಕೊಟ್ಟ ಹಾಗೆ ನೀನೇ ತೀರ್ಮಾನಿಸಬೇಡ. ಮತ್ತೆ, ಶ್ರೀಮತಿ ಬ್ಲೆಡ್ಸೋ ಎಂದು ಕರೆ.

ಆ.


ಟ್ಯಾರೋ ಸ್ಪ್ರಿಂಗ್ಸ್
ಅಕ್ಟೋಬರ್ 14, 1951

ಪ್ರೀತಿಯ ಅಕ್ಕ,

ಎರಡು ಶುಕ್ರವಾರ ಧೈರ್ಯ ಬರಲಿಲ್ಲ. ಮೂರನೆಯದಕ್ಕೆ ಕೇಳಿದೆ. ಹಿಟ್ಟಿನ ಸಾಲಿನಲ್ಲಿ ನಿಂತಿದ್ದರು.

"ಶ್ರೀಮತಿ ಬ್ಲೆಡ್ಸೋ, ನಿಮ್ಮ ಹತ್ರ ಒಂದು ಮಾತು" ಅಂದೆ.

ಅವರು ಗಾಡಿ ಬಿಡಲಿಲ್ಲ. ಆ ಹೆಸರಿನಿಂದ ನಾನು ಕರೆದದ್ದು ಅದೇ ಮೊದಲು, ಅದು ಅವರಿಗೂ ಗೊತ್ತು ನನಗೂ ಗೊತ್ತು. "ಹೇಳಿ ಮಿಸ್ಟರ್ ಪ್ರೂಯಿಟ್" ಅಂದರು.

"ಕಾರು ನಿಲ್ಲೋ ಕಡೆ ದೊಡ್ಡ ಬಾಗಿಲು ಮಾಡಿಸ್ತಾ ಇದೀನಿ. ಅಂದ್ರೆ ಆ, ಹಿಂದುಗಡೆ."

"ಯಾರಿಗೆ?"

"ಎಲ್ಲರಿಗೂ."

"ಮಿಸೆಸ್ ಹೇಬರ್‌ಕಾರ್ನ್ ಅವರಿಗೂ?"

"ಅವರಿಗೂ. ಮೇಯರ್ ಬಂದ್ರೆ ಮೇಯರ್‌ಗೂ."

"ಮುಂದಿನ ಬಾಗಿಲು ಮುಚ್ತೀರಾ?"

"ಇಲ್ಲ. ಅದು ತೆಗೆದೇ ಇರುತ್ತೆ. ಯಾರು ಎಲ್ಲಿಂದ ಬೇಕಾದ್ರೂ ಬರಬಹುದು."

ಅವರು ಹಿಟ್ಟಿನ ಚೀಲವನ್ನು ಗಾಡಿಗೆ ಇಟ್ಟುಕೊಂಡು ನನ್ನ ಕಡೆ ತಿರುಗಿದರು. ಮಕ್ಕಳ ಲೆಕ್ಕ ಸರಿಯಿದೆಯೇ ಎಂದು ನೋಡುವ ಮುಖ ಅದು. ಆಮೇಲೆ, "ಹಾಗಾದ್ರೆ ಹಿಂದಿನ ಬಾಗಿಲು ಅಂತ ಯಾವುದೂ ಇರಲ್ಲ" ಅಂದರು.

"ಇರಲ್ಲ" ಅಂದೆ.

"ಆಲೂಗಡ್ಡೆ ವಾಸನೆ ಹೋಗೋ ಹಾಗೆ ನೆಲ ಚೆನ್ನಾಗಿ ತೊಳೆಸಿ" ಎಂದು ಹೇಳಿ ಮುಂದಿನ ಸಾಲಿಗೆ ಹೋದರು.

ಅಕ್ಕ, ಅವರ ನಡಿಗೆಯಲ್ಲಿ ಏನು ಗತ್ತು. ಇಷ್ಟು ವರ್ಷ ನಮ್ಮ ಅಂಗಡಿಗೆ ಬಂದ ಹೆಂಗಸನ್ನು ನಾನು ನೋಡಿಯೇ ಇರಲಿಲ್ಲ. ನನಗೆ ಬಹಳ ಬೇಜಾರಾಯಿತು. ಅಷ್ಟೇ ಸಂತೋಷವೂ ಆಯಿತು, ಯಾಕೆ ಅಂತ ಹೇಳಲು ಬರುವುದಿಲ್ಲ. ನಾಳೆಯಿಂದ ಗೋಡೆ ಒಡೆಯುತ್ತಾರೆ.

ವರ್ಜಿಲ್


ಟ್ಯಾರೋ ಸ್ಪ್ರಿಂಗ್ಸ್
ಡಿಸೆಂಬರ್ 23, 1951

ಪ್ರೀತಿಯ ಅಕ್ಕ,

ಹತ್ತು ವಾರ ಪೆನ್ನು ಹಿಡಿಯಲು ಪುರಸೊತ್ತಿರಲಿಲ್ಲ. ಈ ಸಲ ನಿಜವಾಗಿಯೂ ಕೆಲಸ ಜಾಸ್ತಿ.

ನವೆಂಬರ್ ಹತ್ತಕ್ಕೆ ಹೊಸ ಬಾಗಿಲು ತೆರೆದೆವು. ಹತ್ತಿರ ಹೋದರೆ ತಾನೇ ತೆರೆದುಕೊಳ್ಳುವ ಬಾಗಿಲು. ಗಾಡಿಯನ್ನು ಕಾರಿನವರೆಗೂ ತಳ್ಳಿಕೊಂಡು ಹೋಗಬಹುದು. ಮೊದಲ ದಿನ ಇಷ್ಟೇ ಜನವೇ ಎಂದು ಎದೆ ಒಡೆದಿತ್ತು. ಎರಡನೆಯ ವಾರ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ, ಮುನ್ನೂರು ಕಾರಿನ ಜಾಗದಲ್ಲಿ ಒಂದೂ ಖಾಲಿ ಇರಲಿಲ್ಲ. ಟರ್ಕಿ ಕೋಳಿ ಮಧ್ಯಾಹ್ನಕ್ಕೇ ಮುಗಿದವು. ನಿನ್ನ ಮಾತಿನಂತೆ ಬ್ರೆಡ್ಡು ಹಾಲನ್ನು ಆ ಮೂಲೆಗೆ ಹಾಕಿದ್ದೆ. ಬ್ರೆಡ್ಡಿಗೆಂದು ಬಂದವರು ಬ್ರೆಡ್ಡು ಮುಟ್ಟುವ ಹೊತ್ತಿಗೆ ಅರ್ಧ ಗಾಡಿ ತುಂಬಿರುತ್ತದೆ.

ಷೂ ಅಂಗಡಿಯವನೂ ಈಗ ಹಿಂದಿನ ಗೋಡೆಗೆ ಗಾಜು ಹಾಕಿಸುತ್ತಿದ್ದಾನೆ. ಹೂವಿನವನು ಹಾಕಿಸಿ ಆಯಿತು. ನಕ್ಷೆ ಮಾಡಿದವನು ಬಂದು ನೋಡಿ, ತಾನು ಮೊದಲೇ ಹೀಗೆ ಅಂದುಕೊಂಡಿದ್ದೆ ಅಂದ. ಹೇಬರ್‌ಕಾರ್ನ್ ಅವರನ್ನು "ಹೇಗಿದೆ ಹೊಸ ಬಾಗಿಲು" ಎಂದು ಕೇಳಿದರೆ, "ಯಾವ ಹೊಸದು? ಮೊದಲಿಂದ ಹೀಗೇ ಇತ್ತಲ್ಲ" ಅನ್ನುತ್ತಾರೆ.

ನಿನ್ನೆ ಗೇಜ್ ಕರೆದ. ಐದು ವರ್ಷದ ಕರಾರು. ಕಂಪನಿಯವರಿಗೆ ಬೇರೆ ಊರು ನೋಡಿಕೊಳ್ಳಲು ಹೇಳಿದ್ದಾನೆ. ಹೊರಗೆ ಬಂದು ನಮ್ಮ ಹೆಸರಿನ ಕೆಂಪು ಅಕ್ಷರಗಳ ಕೆಳಗೆ ನಿಂತು ಅತ್ತುಬಿಟ್ಟೆ, ಈ ವಯಸ್ಸಿನಲ್ಲಿ. ಇದು ನಿನ್ನ ಅಂಗಡಿ ಅಕ್ಕ. ಇನ್ನಾದರೂ ಬಂದು ನೋಡು.

ಶ್ರೀಮತಿ ಬ್ಲೆಡ್ಸೋ ಎರಡು ಶುಕ್ರವಾರ ಮುಂದಿನ ಬಾಗಿಲಲ್ಲೇ ಬಂದರು. ಮೂರನೆಯ ಶುಕ್ರವಾರ ಕಾರಿನಲ್ಲೇ ಕೂತು, ಯಾರು ಯಾರು ಒಳಗೆ ಹೋಗುತ್ತಾರೆ ಎಂದು ಹದಿನೈದು ನಿಮಿಷ ನೋಡಿದರು. ಆಮೇಲೆ ಇಳಿದು ಹೊಸ ಬಾಗಿಲಲ್ಲಿ ಬಂದರು.

ವರ್ಜಿಲ್


ಫ್ರೆಸ್ನೋ
ಜನವರಿ 2, 1952

ಪ್ರೀತಿಯ ವರ್ಜಿಲ್,

ಹಾರ್ಲನ್ನನಿಗೆ ಓದಿ ಹೇಳುವಾಗ ಕಣ್ಣು ಮಂಜಾಗಿ ಅವನೇ ಮುಂದಕ್ಕೆ ಓದಿದ. ಅಪ್ಪನ ಹೆಸರು ಹಾಕಬೇಡ ಅಂದಿದ್ದನ್ನು ವಾಪಸ್ಸು ತೆಗೆದುಕೊಂಡಿದ್ದೇನೆ. ಏಪ್ರಿಲ್‌ನಲ್ಲಿ ಬರುತ್ತೇನೆ, ಟಿಕೆಟ್ ತೆಗೆಸಿ ಆಯಿತು. ಕೌಂಟರಿನವಳು ಕೌಂಟರಿಲ್ಲದ ಅಂಗಡಿಯಲ್ಲಿ ಹೇಗೆ ನಿಲ್ಲುತ್ತಾಳೆ ನೋಡೋಣ.

ಜೊತೆಗೆ ಅಂಟಿಸಿದ ಇನ್ನೊಂದು ಲಕೋಟೆ ಇದೆ, ಶ್ರೀಮತಿ ಬ್ಲೆಡ್ಸೋ ಅವರಿಗೆ. ಏಳು ಸಲ ಹರಿದು ಬರೆದಿದ್ದೇನೆ. ಆ ಈಸ್ಟರಿನ ವಿಷಯ ಬರೆದು ಕ್ಷಮೆ ಕೇಳಿದ್ದೇನೆ. ಅವರ ಕೈಗೇ ಕೊಡು. ಎಲ್ಲರ ಎದುರಿಗೆ ಕೊಡಬೇಡ, ನಾನು ಅವರಿಗೆ ಎಲ್ಲವನ್ನೂ ಎಲ್ಲರ ಎದುರಿಗೇ ಮಾಡಿದ್ದೇನೆ.

ನಿನ್ನ ಅಕ್ಕ


ಟ್ಯಾರೋ ಸ್ಪ್ರಿಂಗ್ಸ್
ಜನವರಿ 13, 1952

ಶ್ರೀಮತಿ ಆಡಲೀನ್ ಸ್ಟಾಡ್ ಅವರಿಗೆ,

ನಿಮ್ಮ ಕಾಗದವನ್ನು ನಿಮ್ಮ ತಮ್ಮ ಶುಕ್ರವಾರ ನನ್ನ ಕಾರಿನ ಹತ್ತಿರ ಬಂದು ಕೊಟ್ಟರು. ಮನೆಯಲ್ಲಿ ಎರಡು ಸಲ ಓದಿದೆ.

ನೀವು ಬರೆದಿರುವ ಅನಾನಸ್ ಡಬ್ಬಿಯ ದಿನ ನನಗೆ ನೆನಪಿಲ್ಲ. ನೆನಪಿಸಿಕೊಳ್ಳಲು ಪ್ರಯತ್ನಪಟ್ಟೆ. ಅಂಥ ದಿನಗಳು ಬಹಳ ಇದ್ದುದರಿಂದ ನಿಮ್ಮದು ಯಾವುದು ಎಂದು ಬೇರೆ ಮಾಡಲು ಆಗಲಿಲ್ಲ.

ಕ್ಷಮಿಸಿ ಎಂದು ಕೇಳಿದ್ದೀರಿ. ಗೊತ್ತಿಲ್ಲದ ಉತ್ತರವನ್ನು ಗೊತ್ತಿರುವ ಹಾಗೆ ಬರೆಯಬೇಡಿ ಎಂದು ನಾನು ಮಕ್ಕಳಿಗೆ ಹೇಳಿಕೊಡುತ್ತೇನೆ. ಆದ್ದರಿಂದ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಯಾವಾಗಲಾದರೂ ಉತ್ತರ ಸಿಕ್ಕರೆ ತಿಳಿಸುತ್ತೇನೆ.

ಅಂಗಡಿಯ ವಿಷಯವಾದರೆ ಈಗಲೇ ಬರೆಯಬಲ್ಲೆ. ಕ್ಲೋವರ್ ಹಿಲ್‌ಗೆ ಮೊದಲ ಸಲ ಹೋದಾಗ ಒಂದು ಗಂಟೆ ಸುತ್ತಾಡಿ ಒಂದು ಸಾಸಿವೆ ಬಾಟಲಿ ತಂದೆ. "ಇದಕ್ಕೆ ಒಂದು ಗಂಟೆ ಬೇಕಾಯ್ತಾ" ಎಂದು ನಮ್ಮ ಯಜಮಾನರು ಕೇಳಿದರು. "ಓದ್ತಾ ಇದ್ದೆ" ಎಂದು ಹೇಳಿದೆ. ಅಷ್ಟು ವರ್ಷ ದೂರದಿಂದ ಕಂಡಿದ್ದ ಡಬ್ಬಿಗಳ ಮೇಲೆ ಬರೆದಿರುವುದನ್ನೆಲ್ಲ ಕೈಯಲ್ಲಿ ಹಿಡಿದು ಓದಿದೆ. ಬಹಳ ಒಳ್ಳೆಯ ಅಂಗಡಿ. ನಿಮ್ಮ ತಮ್ಮ ಅದನ್ನು ಶುಚಿಯಾಗಿ ಇಟ್ಟುಕೊಂಡಿದ್ದಾರೆ. ನನಗೆ ಅದು ಇಷ್ಟವಾಗುವುದಕ್ಕೆ ಕಾರಣ ಒಂದೇ. ಅಲ್ಲಿ ಒಂದು ಡಜನ್ ಮೊಟ್ಟೆ ಕೊಳ್ಳಲು ನಾನು ಮೊದಲು ಯಾರನ್ನೂ ಕ್ಷಮಿಸಬೇಕಾಗಿಲ್ಲ.

ಏಪ್ರಿಲ್‌ನಲ್ಲಿ ನೀವು ಬರುತ್ತೀರಿ ಎಂದು ಮಿಸ್ಟರ್ ಪ್ರೂಯಿಟ್ ಹೇಳಿದರು. ಶುಕ್ರವಾರ ನಾಲ್ಕು ಗಂಟೆಗೆ ನಾನು ಅಲ್ಲಿರುತ್ತೇನೆ. ನಿಮ್ಮ ಗಾಡಿ ನೀವು ತಳ್ಳಿ, ನನ್ನದು ನಾನು ತಳ್ಳುತ್ತೇನೆ.

ಓಡೆಸ್ಸಾ ಬ್ಲೆಡ್ಸೋ